ಆಪಾನ್ನ ಕೇಳಿ ತಿಳಸ್ತೀನ್ರಿ

16 ಅಕ್ಟೋಬರ್ 2023, ಸೋಮವಾರ

ಬರೆಯಬೇಕಂತೆ. ದಿನಾ ನಾಲ್ಕು ಸಾಲು. ನಾಲ್ಕನೇ ಇಯತ್ತೆಗೆ ಶಾಲೆ ಬಿಡಿಸಿ ಮಗ್ಗಕ್ಕೆ ಕೂಡಿಸಿದರು, ಆಗ ಯಾರೂ ಬರೆ ಅನ್ನಲಿಲ್ಲ. ಈಗ ಮೊಣಕಾಲು ಮಡಚಲು ಬರದ ಹೊತ್ತಿಗೆ ಪೆನ್ನು ಕೊಟ್ಟು ಹೋಗಿದ್ದಾಳೆ ಕೌಸರ. ತಂಗಿ ಫಕೀರಬಿಯ ಮಗಳು. ನಾನು ಅವಳಿಗೆ ಖಾಲಾ, ದೊಡ್ಡಮ್ಮ. ಹುಲಕೋಟಿ ಕಡೆ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಾಳೆ. ಅಷ್ಟು ಸಾಲದೆ ಮನೆಗೆ ಬಂದು ನನಗೂ ಕಲಿಸುತ್ತಾಳೆ.

ನನ್ನ ವೆಬ್‌ಸೈಟ್ ಹೊಸದು ಮಾಡುತ್ತಿದ್ದಾಳೆ. ಹೌದು, ನನ್ನದೇ — ‘ಬೆಟಗೇರಿ ರಮಜಾನಬಿ, ಕೈಮಗ್ಗದ ಸೀರೆ’. ಮೊದಲನೆಯದನ್ನು ಮಾಡಿದ್ದು ಫಕೀರಬಿ. ಸೀರೆ ನೇಯುವುದು ನಾನು, ಊರೂರ ಗಿರಾಕಿಗಳ ಜೊತೆ ಮಾತು ಅವಳದು. ಬಕ್ರೀದ್‌ಗೆ ಮೊದಲೇ ತೀರಿಕೊಂಡಳು. ಸೈಟು ಅಂದಿನಿಂದ ಹಾಗೇ ಬಿದ್ದಿದೆ.

“ನಿನ್ನ ಬಗ್ಗೆ ಬರಿ ಖಾಲಾ. ಅದರಾಗ ಚಲೋದು ಆರಿಸಿ ಹಾಕ್ತೀನಿ.”

“ಚಲೋದು ಇರಲಿಲ್ಲಂದ್ರ?”

“ಇದ್ದದ್ದ ಹಾಕ್ತೀನಿ.”

ಇದನ್ನು ತೋರಿಸುವುದಿಲ್ಲ. ಬೇಕಾದರೆ ಬಾಯಲ್ಲಿ ಕೇಳಿ ಬರೆದುಕೊಳ್ಳಲಿ.

19 ಅಕ್ಟೋಬರ್

ಹೊಸದನ್ನು ತೋರಿಸಿದಳು. ಎಲ್ಲಾ ಬಿಳಿ. ಆಸ್ಪತ್ರೆ ಗೋಡೆ. ಫಕೀರಬಿ ಮಾಡಿದ್ದರಲ್ಲಿ ನಾಲ್ಕೂ ಕಡೆ ಕೆಂಪು ಅಂಚಿತ್ತು, ತೆರೆದರೆ ಸೀರೆ ಬಿಚ್ಚಿದ ಹಾಗೆ.

“ಅದು ಈಗ ನಡಿಯೂದಿಲ್ಲ ಖಾಲಾ. ಫೋನಿನಾಗ ಸೀರಿ ಕಾಣೂದಿಲ್ಲ, ಬರೇ ಅಂಚ ಕಾಣ್ತೈತಿ.”

ಖರೆ ಇರಬಹುದು. ಸಿಟ್ಟು ಬಂದದ್ದು ಅದಕ್ಕೇ.

ಹಳೆಯದನ್ನು ಪೂರ್ತಿ ತೆಗೆದು ಹೊಸದು ಹಾಕುತ್ತಾಳಂತೆ. ಇನ್ನು ತಡೆಯಲಿಲ್ಲ.

“ಮಗ್ಗದವರ ಮನ್ಯಾಗ ಹುಟ್ಟಿ ಇಷ್ಟೂ ತಿಳೀಲಿಲ್ಲೇನು ನಿನಗ? ಮಗ್ಗದ ಮ್ಯಾಲಿನ ಹಾಸು ಮುಗದ್ರ ಎಳಿ ಪೂರ್ತಿ ಕಡೀತಾರೇನು? ಗೇಣುದ್ದ ಬಾಲ ಬಿಡ್ತಾರ. ಆ ಬಾಲಕ್ಕ ಹೊಸಾ ಎಳಿ ಕೂಡಸ್ತಾರ. ಬರೇ ಮಗ್ಗ ಉಳಿಸಿದ್ರ ಮತ್ತ ಮೊದಲಿಂದ ಎಳಿ ಎಳಿ ಪೋಣಸಬೇಕು!”

“ವೆಬ್‌ಸೈಟಿಗೆ ಎಲ್ಲೀ ಬಾಲ?”

“ನನಗೇನು ಗೊತ್ತು? ಕಲ್ತಾಕಿ ನೀನು. ಬಿಡು ಅಂದ್ರ ಬಿಡು.”

ನಕ್ಕಳು. “ಆತು. ಗಿರಾಕಿ ಬರಿಯೂ ಮೆಸೇಜ್ ಬಾಕ್ಸ್ ಅಮ್ಮಿ ಮಾಡಿದ್ದನ್ನ ಇಡ್ತೀನಿ. ಅದ ನಿನ್ನ ಬಾಲ.”

28 ಅಕ್ಟೋಬರ್

ಬರೆಯಲಿಲ್ಲ. ಹೊಸ ಹಾಸು ಕೂಡಿಸುತ್ತಿದ್ದೆ.

ಇದು ಇಬ್ಬರ ಕೆಲಸ. ಆ ಕಡೆ ಕುಳಿತವರು ಎಳೆ ಆರಿಸಿ ಕೊಡಬೇಕು, ಈ ಕಡೆಯವರು ಬೂದಿ ಮುಟ್ಟಿದ ಬೆರಳಲ್ಲಿ ಹಳೆ ತುದಿಗೆ ಹೊಸೆಯಬೇಕು. ಆ ಕಡೆ ಫಕೀರಬಿ ಕೂಡುತ್ತಿದ್ದಳು, ಈಗ ಯಾರೂ ಇಲ್ಲ. ನಾನೇ ಬಗ್ಗಿ ಆರಿಸುವುದು, ನಾನೇ ಹೊಸೆಯುವುದು. ಸೊಂಟ ಹೋಯಿತು.

ಮಧ್ಯಾಹ್ನ ತಲೆ ಎತ್ತದೆ ಕೈ ಚಾಚಿದೆ. ರೂಢಿ. ಬೆರಳಿಗೆ ಎಳೆ ಸಿಕ್ಕಿತು. ಹೊಸೆದೆ. ಮತ್ತೆ ಚಾಚಿದೆ. ಸಿಕ್ಕಿತು. ಎಷ್ಟೋ ಹೊತ್ತು ಹಾಗೇ ನಡೆಯಿತು...

ಆಮೇಲೆ ತಲೆ ಎತ್ತಿದೆ. ಆ ಕಡೆ ಯಾರೂ ಇರಲಿಲ್ಲ. ಎತ್ತಬಾರದಿತ್ತು.

1 ನವೆಂಬರ್, ಬುಧವಾರ

ಹೊಸ ಸೈಟು ನಡೆಯುತ್ತದೋ ಇಲ್ಲವೋ ನೋಡಲು ಕೌಸರ ಅದನ್ನು ಮುಂಡರಗಿಯ ಸಿದ್ದಲಿಂಗವ್ವಗೆ ಮೊದಲು ಕಳಿಸಿದ್ದಳು. ಹಳೆ ಗಿರಾಕಿ, ಇಷ್ಟು ದಿನ ಎಲ್ಲಾ ಫೋನಿನಲ್ಲೇ ಕೇಳುತ್ತಿದ್ದಳು. ಊಟಕ್ಕೆ ಕುಳಿತಿದ್ದೆ, ಅವಳ ಫೋನು.

“ಯಕ್ಕಾ, ಏನ್ ಚೇಷ್ಟಿರಿ ಇದು?”

“ಏನಾತು?”

“ದೀಪಾವಳಿಗೆ ಒಂದು ಹಸರ ಸೀರಿ ಐತೇನು ಅಂತ ಬರದೆ. ಬರದು ಕೈ ತಗದಿಲ್ಲ, ಫಕೀರಬಿ ಉತ್ತರ ಕೊಟ್ಟಾಳ!”

“ಯಾವ ಫಕೀರಬಿ?”

“ನಿಮ್ಮ ತಂಗೀರಿ... ಕಡೀಕ ಬಂದು ಮಾರಿ ನೋಡಿ ಹೋದಾಕಿ ನಾನ ಅಲ್ಲೇನ್ರಿ ಯಕ್ಕಾ?”

ಓದು ಅಂದೆ. ಓದಿದಳು. “ಸಲಾಂರಿ. ನಿಮ್ಮ ಮಾತು ಮುಟ್ಟೇತಿ. ಆಪಾನ್ನ ಕೇಳಿ ತಿಳಸ್ತೀನ್ರಿ. ಫಕೀರಬಿ.”

ಆಪಾ ಅಂದರೆ ಅಕ್ಕ. ನಾನು.

ತಾಟು ಹಾಗೇ ಸರಿಸಿದೆ.

2 ನವೆಂಬರ್

ಕೌಸರ ಓಡಿ ಬಂದಳು. ಯಂತ್ರ ಕೊಡುವ ಉತ್ತರವಂತೆ. ಯಾರು ಏನು ಬರೆದರೂ ಅದೊಂದೇ.

“ಅಮ್ಮಿ ತನ್ನ ಅನುಕೂಲಕ್ಕ ಇಟ್ಟಿದ್ದು ಖಾಲಾ. ಬಾಕ್ಸಿನ ಜೊತಿ ತಾನ ಬಂತು. ನನಗೂ ಗೊತ್ತಿರಲಿಲ್ಲ. ಕಡದ ಹಾಕ್ತೀನಿ.”

“ಕೈ ಹಚ್ಚಿ ನೋಡು.”

“ಗಿರಾಕಿ ಅಂಜತಾರ.”

“ಅಂಜಲಿ.”

“ನನ್ನ ಕೈಲೆ ತಡಕೊಳ್ಳಾಕ ಆಗೂದಿಲ್ಲ ಖಾಲಾ. ಯಾರರ ಬರದಾಗೊಮ್ಮೆ ಆಕಿ ಹೆಸರು... ಎಷ್ಟ ಸಲ ಮಣ್ಣು ಕೊಡೂಣು ಆಕೀಗೆ?”

ಬೈಯಬೇಕು ಅಂದುಕೊಂಡಿದ್ದೆ. ಎದ್ದು ಹೋಗಿ ಚಹಾಕ್ಕಿಟ್ಟೆ.

ಹತ್ತನೇ ತಾರೀಖು ಶುಕ್ರವಾರ ಸೈಟು ಎಲ್ಲರಿಗೂ ತೆರೆಯುತ್ತದೆ. ಕಡಿಯಬೇಕೋ ಬಿಡಬೇಕೋ, ಗುರುವಾರ ಸಂಜೆಗೆ ನಾನು ಹೇಳಬೇಕು. ಕಡಿದರೆ ಬಾಕ್ಸನ್ನೇ ಕಡಿಯಬೇಕು, ಮತ್ತೆ ಕೂಡಿಸಲು ಬರುವುದಿಲ್ಲ. ಅದರ ಒಳಗೆ ಹೋಗುವ ಪಾಸ್‌ವರ್ಡ್ ಫಕೀರಬಿಯ ಜೊತೆಗೇ ಹೋಗಿದೆ.

5 ನವೆಂಬರ್

ಇವತ್ತು ನಾನೇ ಬರೆದೆ, ಆ ಬಾಕ್ಸಿನಲ್ಲಿ. ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ. ‘ಫಕೀರೂ, ಹೆಂಗದಿ?’

ಫೋನು ಟಿಂಗ್ ಅಂತು. ‘ಸಲಾಂರಿ. ನಿಮ್ಮ ಮಾತು ಮುಟ್ಟೇತಿ...’

ನನಗೂ ‘ರಿ’ ಹಚ್ಚುತ್ತಾಳೆ, ಹುಚ್ಚಿ.

ಯಂತ್ರ ಅಂತ ಗೊತ್ತು. ದಡ್ಡಿ ಅಲ್ಲ ನಾನು. ಆದರೆ ಆ ಮಾತು ಯಂತ್ರದ್ದಲ್ಲ. ಗಿರಾಕಿ ಏನೇ ಕೇಳಲಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಮಗ್ಗದ ಹತ್ತಿರ ಬರುವಳು. “ಆಪಾ, ಹ್ಞೂಂ ಅನ್ಲೋ, ಒಲ್ಲೆ ಅನ್ಲೋ?” ತಲೆ ಎತ್ತದೆ ಹೇಳುತ್ತಿದ್ದೆ. ನನ್ನನ್ನು ಕೇಳದೆ ಯಾರಿಗೂ ಉತ್ತರ ಕೊಟ್ಟವಳಲ್ಲ.

ಈಗಲೂ ಕೇಳಿ ತಿಳಿಸುತ್ತೇನೆ ಅನ್ನುತ್ತಾಳೆ. ಕೇಳಲು ಮಾತ್ರ ಬರುವುದಿಲ್ಲ.

ಕೆಲಸ ಬಿಟ್ಟು ಮಗ್ಗದಲ್ಲಿ ಸುಮ್ಮನೆ ಕುಳಿತೆ, ಬಾಗಿಲಿಗೆ ಬೆನ್ನು ಹಾಕಿ. ಹಾಗೆ ಕುಳಿತಾಗಲೇ ಅವಳು ಬರುತ್ತಿದ್ದದ್ದು.

7 ನವೆಂಬರ್

ಎಳೆ ಕೂಡಿಸಿದ ಜಾಗ ಮಗ್ಗದ ಹಣಿಗೆಯ ಹಲ್ಲುಗಳನ್ನು ದಾಟಿತು. ನಾನೊಬ್ಬಳೇ ಆರಿಸಿ ಹೊಸೆದ ಕಡೆ ಎಳೆಗಳು ಪಟಪಟ ಹರಿದವು. ತಲೆ ಎತ್ತದೆ ಕೈ ಚಾಚಿದ ಆ ಮಧ್ಯಾಹ್ನ ಹೊಸೆದ ಕಡೆ ಒಂದೂ ಹರಿಯಲಿಲ್ಲ.

ಕೌಸರಗೆ ಹೇಳಲಿಲ್ಲ. ಕೈಯಿಂದ ಸವರಿ ನೋಡಿದೆ, ಮತ್ತೆ ಸವರಿದೆ.

8 ನವೆಂಬರ್, ಬುಧವಾರ, ಇಳಿಹೊತ್ತಿನ ಅಸರ್ ನಮಾಜಿನ ಮೇಲೆ

ಕೌಸರ ಫೋನು ಮಾಡಿದ್ದಳು. “ನಾಳೆ ಸಂಜಿ, ಖಾಲಾ.” ಅಷ್ಟೇ ಅಂದಳು. ಅತ್ತಿರಬೇಕು, ಮೂಗು ಕಟ್ಟಿತ್ತು.

ಬಾಕ್ಸಿನಲ್ಲಿ ಬರೆದು ಕಳಿಸಿದ್ದೇನೆ. ಇಲ್ಲೂ ಇರಲಿ —

‘ಫಕೀರೂ, ಸಾಕಾತು. ಕೇಳಿದಾಗೊಮ್ಮೆ ಆಪಾನ್ನ ಕೇಳ್ತೀನಿ ಅಂತೀ. ಆಪಾ ಎಲ್ಲಿ ಹೋಗ್ಯಾಳ? ಇಲ್ಲೇ ಅದೀನಿ, ಮಗ್ಗದಾಗ. ಬಾಗಲಕ್ಕ ಬೆನ್ನ ಮಾಡೀನಿ, ತಿರುಗಿ ನೋಡೂದಿಲ್ಲ, ಅಂಜಬ್ಯಾಡ. ಈ ಸಲ ಕೇಳೂದು ನಾನು. ನಿನ್ನ ಮಗಳು ಅಳಾಕತ್ಯಾಳ. ಕಡಿಸಲೋ, ಬಿಡಲೋ? ಹ್ಞೂಂ ಅನ್ನು, ಇಲ್ಲಾ ಒಲ್ಲೆ ಅನ್ನು. ನಾಳೆ ಒಂಬತ್ತನೇ ತಾರೀಖು, ಗುರುವಾರ, ಹೊತ್ತು ಮುಳುಗಿ ಮಗ್ರಿಬ್ ಆಗೂದ್ರೊಳಗ ನನಗ ಉತ್ತರ ಬೇಕು.’