ಹಾರಿಹೋದ ಮೂವತ್ತು ಗ್ರಾಂ

ಮಾನ್ಯ ದಾಸ್ತಾನು ಪರಿಶೀಲನಾಧಿಕಾರಿಗಳೇ,

ನಮ್ಮ ಪ್ರಯೋಗಾಲಯದಲ್ಲಿ ಮೂವತ್ತು ಗ್ರಾಂ ಸಾಮಗ್ರಿ ಕಳವಾಗಿದೆ ಎಂದು ವರದಿ ಬರೆದಿದ್ದೀರಿ. ಕಳ್ಳನ ಜಾಗದಲ್ಲಿ ಕುಲುಮೆ ಸಹಾಯಕನಾದ ನನ್ನನ್ನು ನಿಲ್ಲಿಸಿದ್ದೀರಿ. ಇಪ್ಪತ್ತೆರಡು ವರ್ಷಗಳ ಹಿಂದೆ ಗಾಜಿನ ಪಾತ್ರೆ ತೊಳೆಯಲು ಬಂದವನು ನಾನು. ತೂಕ ನೋಡುವುದನ್ನು ಯಾವ ಕಾಲೇಜೂ ನನಗೆ ಕಲಿಸಲಿಲ್ಲ. ನಿಮಗೂ ಕಲಿಸಿದಂತಿಲ್ಲ.

ನಾವೆಲ್ಲ ‘ಪುಡಿ ಮೇಡಂ’ ಎನ್ನುವ ಸಂಶೋಧಕಿ ಮೂರು ವರ್ಷಗಳಿಂದ ಲ್ಯಾಂಥನಮ್, ಸ್ಟ್ರಾನ್ಷಿಯಂ, ಮ್ಯಾಂಗನೀಸ್ ಪುಡಿಗಳನ್ನು ಅಂಗೈ ಬೊಬ್ಬೆಯೇಳುವಷ್ಟು ಅರೆದು, ಬಿಲ್ಲೆಯೊತ್ತಿ, ನನ್ನ ಕುಲುಮೆಗೆ ಕೊಡುತ್ತಿದ್ದಾರೆ. ಬೆಂದು ಬರುವುದು ಪೆರೊವ್‌ಸ್ಕೈಟ್ ಎಂಬ ಜಾತಿಯ ಆಕ್ಸೈಡ್. ಅಯಸ್ಕಾಂತಗಳ ನಡುವೆ ಇಟ್ಟರೆ ಅದು ವಿದ್ಯುತ್ತಿಗೆ ಒಡ್ಡುವ ತಡೆ ಇಳಿಯುತ್ತದೆ. ಸ್ಟ್ರಾನ್ಷಿಯಂ ಪಾಲು ಎಷ್ಟಿದ್ದರೆ ಎಷ್ಟು ಇಳಿಯುತ್ತದೆ ಎಂಬುದೇ ಅವರ ಪ್ರಬಂಧ. ಕಲ್ಲಿನಂಥ ಬಿಲ್ಲೆಯೇ ಹಠ ಸಡಿಲಿಸುತ್ತದೆ. ನಿಮ್ಮ ಕಚೇರಿಗೆ ಸಾಕಾಗುವ ಅಯಸ್ಕಾಂತ ಮಾತ್ರ ಇನ್ನೂ ತಯಾರಾಗಿಲ್ಲ.

ಒಳಗೆ ಹೋದ ಪುಡಿಗೂ ಹೊರಗೆ ಬಂದ ಬಿಲ್ಲೆಗೂ ನೀವು ತೂಕ ಹಾಕಿದಿರಿ.

“ಮೂವತ್ತು ಗ್ರಾಂ ಎಲ್ಲಯ್ಯಾ?”

“ಗಾಳಿಗೆ ಹೋಯ್ತು ಸಾರ್. ಪುಡಿಯಲ್ಲಿರೋ ಕಾರ್ಬೊನೇಟ್ ಸುಟ್ರೆ ಅದರೊಳಗಿನ ಅನಿಲ ಹೊರಟುಹೋಗುತ್ತೆ.”

“ಹೋಗಿದ್ದಕ್ಕೆ ರಸೀದಿ?”

“ಚಿಮಣಿ ಸಹಿ ಹಾಕಲ್ಲ ಸಾರ್.”

ನಿಮ್ಮ ಗುಮಾಸ್ತರು ನಕ್ಕರು. ನೀವು ನಗಲಿಲ್ಲ. ಸ್ಟ್ರಾನ್ಷಿಯಂ ಪಾಲಿಗೆ ತಕ್ಕಂತೆ ಆರು ಸೀಸೆಗಳಲ್ಲಿ ಆರು ಬಗೆಯಾಗಿ ವಿಂಗಡಿಸಿಟ್ಟಿದ್ದ ಬಿಲ್ಲೆಗಳನ್ನೆಲ್ಲ ಒಂದೇ ಲಕೋಟೆಗೆ ಸುರಿದು, ಅರಗಿನ ಮುದ್ರೆ ಒತ್ತಿ, “ಎಲ್ಲಾ ಕರಿ ಬಿಲ್ಲೆಗಳೇ ತಾನೆ?” ಎಂದಿರಿ. ಹೌದು ಸ್ವಾಮಿ, ಎಲ್ಲವೂ ಕಪ್ಪೇ. ಕತ್ತಲೆಯೂ ಕಪ್ಪೇ, ನಿಮ್ಮ ಶಾಯಿಯೂ ಕಪ್ಪೇ. ಪುಡಿ ಮೇಡಂ ಖಾಲಿ ಸೀಸೆಗಳನ್ನು ಸಾಲಾಗಿ ನಿಲ್ಲಿಸಿ, “ಅಣ್ಣಾ, ತಿಂಗಳ ಕೊನೆಗೆ ಪರೀಕ್ಷಕರು ಮತ್ತೆ ಅಳೆದು ತೋರಿಸು ಅಂದಿದಾರೆ. ಏನು ತೋರಿಸ್ಲಿ?” ಎಂದರು.

ಇನ್ನು ನಿಮ್ಮ ಪಾಂಡಿತ್ಯದ ಎರಡನೆಯ ಅಧ್ಯಾಯ. ನೂರು ಗ್ರಾಂ ಲ್ಯಾಂಥನಮ್ ಆಕ್ಸೈಡಿನ ಬಾಟಲಿಯನ್ನು ಒಯ್ದು, ಮುಚ್ಚಳ ತೆಗೆದು, ಹದಿನೈದು ದಿನ ಮೇಜಿನ ಮೇಲೆ ಇಟ್ಟುಕೊಂಡಿರಿ. ಆಮೇಲೆ ತೂಗಿ ‘ಏಳು ಗ್ರಾಂ ಹೆಚ್ಚುವರಿ’ ಎಂದು ಜಮಾ ಮಾಡಿಕೊಂಡಿರಿ! ಆ ಪುಡಿ ಗಾಳಿಯ ತೇವ ಹೀರಿ ಭಾರವಾಗುತ್ತದೆ. ಕಾಯಿಸದೆ ತೂಗಬಾರದೆಂಬುದು ನಮ್ಮಲ್ಲಿ ಮೊದಲ ದಿನದ ಪಾಠ. ನೀವು ನಿಮ್ಮ ಕೋಣೆಯ ಥಂಡಿಯನ್ನು ಲ್ಯಾಂಥನಮ್ ಎಂದು ಬರೆದುಕೊಂಡಿದ್ದೀರಿ. ಗಾಳಿ ಒಯ್ದದ್ದಕ್ಕೆ ನಾನು ಕಳ್ಳನಾದರೆ, ಗಾಳಿ ತಂದದ್ದಕ್ಕೆ ನಿಮ್ಮನ್ನು ದಾನಿ ಎನ್ನಬೇಕೇ?

ಕರುಣೆ ಬೇಡ, ಕ್ಷಮೆಯೂ ಬೇಡ. ಪ್ರತಿ ಬಿಲ್ಲೆಯ ತೂಕವನ್ನೂ ದಪ್ಪವನ್ನೂ ನಾನು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಅದನ್ನೂ ‘ಸಾಕ್ಷ್ಯ’ವೆಂದು ನಿಮ್ಮ ಬೀರುವಿನಲ್ಲಿ ಇಟ್ಟಿದ್ದೀರಿ. ಪುಸ್ತಕವನ್ನೂ ಲಕೋಟೆಯನ್ನೂ ಈ ವಾರವೇ ಹಿಂದಿರುಗಿಸಿ. ನಾನೂ ಪುಡಿ ಮೇಡಂ ಅವರೂ ಕೂತು ಒಂದೊಂದಾಗಿ ತೂಗಿ, ಆಯಾ ಸೀಸೆಗೆ ಸೇರಿಸುತ್ತೇವೆ. ನೀವು ಸುರಿಯುವಾಗಲೇ ಕೆಲವು ಬಿಲ್ಲೆಗಳ ಅಂಚು ಒಡೆದ ಸದ್ದು ನನಗೆ ಕೇಳಿಸಿತು. ಅವುಗಳ ತೂಕ ಪುಸ್ತಕದ ಲೆಕ್ಕಕ್ಕೆ ಹೊಂದದು, ಅವು ಇನ್ನು ಯಾವ ಸೀಸೆಗೂ ಸೇರುವುದಿಲ್ಲ. ಅವನ್ನು ನೀವೇ ಇಟ್ಟುಕೊಳ್ಳಿ. ಕಳವಾದದ್ದು ಏನೆಂದು ಯಾರಾದರೂ ಕೇಳಿದರೆ ತೋರಿಸಲು ಬೇಕಾಗುತ್ತದೆ.

ಇಂತಿ,
ಕುಲುಮೆಯ ಬಾಗಿಲಲ್ಲೇ ಸಿಗುವ,
ಮೂವತ್ತು ಗ್ರಾಂ ಗಾಳಿ ಕದ್ದವನು