ಬಸ್ಸಕ್ಕನ ಹಲ್ಲಿನ ಬೇರು

ಮಾರ್ಚ್ 4, ಸೋಮವಾರ. ಸಂಜೆ 6.30

ಇವತ್ತು ಹನ್ನೊಂದು ಎಕ್ಸ್‌ರೇ. ಒಂದೂ ಹಾಳಾಗಲಿಲ್ಲ. ಕೊನೆಯದು ಎಷ್ಟು ಚೆನ್ನಾಗಿ ಬಂತೆಂದರೆ ಮೇಡಂ ಸ್ಕ್ರೀನ್ ನೋಡಿ "ಹ್ಞೂಂ" ಅಂದರು. ನಮ್ಮ ಡಾಕ್ಟರ್ ಮೇಡಂ ಬಾಯಿಂದ "ಹ್ಞೂಂ" ಬಂದರೆ ಬೇರೆಯವರು ಎದ್ದು ನಿಂತು ಚಪ್ಪಾಳೆ ಹೊಡೆದ ಹಾಗೆ.

ಈ ಹಲ್ಲಿನ ಕ್ಲಿನಿಕ್ ಸೇರಿ ಎಂಟು ತಿಂಗಳಾಯಿತು. ಶಾಲೆ ಬಿಟ್ಟ ಮೇಲೆ ಇಷ್ಟು ದಿನ ಒಂದೇ ಕಡೆ ನಿಂತದ್ದು ಇದೇ ಮೊದಲು. ಚಪ್ಪಲಿ ಅಂಗಡಿಯಲ್ಲಿ ಎರಡು ತಿಂಗಳು — "ಇದು ಒಂದೇ ಮಳೆಗೆ ಬಾಯಿ ಬಿಡುತ್ತೆ, ತಗೋಬೇಡಿ" ಅಂತ ಗಿರಾಕಿಗೆ ಹೇಳಿದ್ದಕ್ಕೆ ಮನೆಗೆ ಕಳಿಸಿದರು. ಬೇಕರಿಯಲ್ಲಿ ಮೂರೇ ವಾರ. ನಿನ್ನೆಯ ಬನ್ನನ್ನು ನಿನ್ನೆಯದು ಅಂದೆ, ಅಷ್ಟೇ. ಅಮ್ಮನಿಗೆ ದಿನಾ ಭಯ. "ಕಾಲಿಗೆ ಚಕ್ರ ಇದೆ, ನಾಲಿಗೆಗೆ ಬೀಗ ಇಲ್ಲ. ಇದೆಷ್ಟು ದಿನವೋ ನಿಂದು!"

ಅಮ್ಮನಿಗೆ ಹೇಗೆ ಹೇಳುವುದು... ಇಲ್ಲಿ ಬೇರು ಕಾಣುತ್ತದೆ! ಹಲ್ಲೆಂದರೆ ಹೊರಗೆ ಇರುವಷ್ಟೇ ಅಂದುಕೊಂಡಿದ್ದೆ. ಒಳಗೆ ಮೂಳೆಯಲ್ಲಿ ಅದಕ್ಕಿಂತ ಉದ್ದದ ಬೇರು. ತಂತಿ ಹಾಕಿ ಎಳೆದರೆ ಆ ಬೇರು ಮೂಳೆಯೊಳಗೇ ಜರುಗುತ್ತದೆ. ಕೂದಲೆಳೆಯಷ್ಟು, ಮತ್ತೆ ಕೂದಲೆಳೆಯಷ್ಟು. ಕೆಲವರಿಗೆ ಜರುಗುತ್ತಾ ಜರುಗುತ್ತಾ ಬೇರಿನ ತುದಿ ಕರಗುತ್ತದೆ. ನೋವಿಲ್ಲ, ಸದ್ದಿಲ್ಲ. ಬೇರು ತೀರಾ ಮೊಟಕಾದರೆ ಹಲ್ಲು ಅಲ್ಲಾಡತೊಡಗುತ್ತದೆ. ಅದಕ್ಕೇ ತಂತಿ ಹಾಕುವ ಮುಂಚೆ ಒಂದು ಎಕ್ಸ್‌ರೇ, ಆರು ತಿಂಗಳಿಗೆ ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆಯುವುದು ಮೇಡಂ. ತೆಗೆಯುವುದು ನಾನು.

ನಾಳೆ ಬಸ್ಸಕ್ಕನ ಆರು ತಿಂಗಳ ಎಕ್ಸ್‌ರೇ.

ಮಾರ್ಚ್ 5, ಮಂಗಳವಾರ. ಸಂಜೆ 7

ಬಸ್ಸಕ್ಕ ಅಂದರೆ ಸಿಟಿ ಬಸ್ ಓಡಿಸುವ ಅಕ್ಕ. ನಲವತ್ತೆರಡು ವಯಸ್ಸು. ಮುಂದಿನ ಎರಡು ಹಲ್ಲಿನ ನಡುವೆ ದೊಡ್ಡ ಸಂದಿ. ನಕ್ಕರೆ ಕೈ ತಾನಾಗಿ ಬಾಯಿಗೆ ಹೋಗುತ್ತಿತ್ತು. "ಸ್ಟೇರಿಂಗ್ ಹಿಡಿದಾಗ ಬಾಯಿ ಮುಚ್ಚೋಕೆ ಕೈ ಎಲ್ಲಿ ಮರಿ? ಅದಕ್ಕೇ ಡ್ಯೂಟಿಲಿ ನಾನು ನಗೋದೇ ಇಲ್ಲ" ಅಂದಿದ್ದರು. ಈಗ ಸಂದಿ ಅರ್ಧ ಮುಚ್ಚಿದೆ. ಕೈ ಮೇಲೆ ಬರುವುದೂ ಅರ್ಧ ಕಡಿಮೆಯಾಗಿದೆ.

ಎಕ್ಸ್‌ರೇ ಪ್ಲೇಟು ಹಿಡಿದಿಡುವ ಹೋಲ್ಡರ್ ಬಾಯಿಗಿಟ್ಟರೆ ಅವರಿಗೆ ಓಕರಿಕೆ. ಈಗ ನನಗೆ ಉಪಾಯ ಗೊತ್ತು. "ಅಕ್ಕ, ಒಂದು ಕಾಲು ಮೇಲೆತ್ತಿ ಹಿಡ್ಕೊಳ್ಳಿ. ಮೂಗಲ್ಲಿ ಉಸಿರಾಡಿ."

"ಯಾವ ಕಾಲು? ಬ್ರೇಕಿಂದಾ, ಕ್ಲಚ್ಚಿಂದಾ?"

"ಕ್ಲಚ್ಚಿಂದು!"

ಎತ್ತಿದರು. ಮನಸ್ಸು ಕಾಲಿನ ಕಡೆ ಹೋಯಿತು, ಗಂಟಲು ಸುಮ್ಮನಾಯಿತು. ಒಂದೇ ಸಲಕ್ಕೆ ಚಿತ್ರ.

ಆಮೇಲೆ ಎಲ್ಲ ಕೆಟ್ಟಿತು. ಮೇಡಂ ಎರಡೂ ಚಿತ್ರ ಪಕ್ಕಪಕ್ಕ ಇಟ್ಟು ಅಳೆದರು. ಮುಂದಿನ ಎರಡು ಹಲ್ಲಿನ ಬೇರು ಸೆಪ್ಟೆಂಬರಿನಲ್ಲಿ ಹದಿನಾರು ಮಿಲಿಮೀಟರ್. ಇವತ್ತು ಹದಿಮೂರು.

"ಆರು ತಿಂಗಳಲ್ಲಿ ಮೂರು ಮಿಲಿಮೀಟರ್ ಹೋಗಿದೆ. ಇನ್ನು ಎಳೆಯೋದು ಬೇಡಮ್ಮ. ಮುಂದಿನ ಮಂಗಳವಾರ ಬನ್ನಿ, ಎಲ್ಲ ಬಿಚ್ಚಿಬಿಡೋಣ."

"ಅರ್ಧಕ್ಕೇನಾ ಮೇಡಂ?"

"ಅರ್ಧ ಸಂದಿ ಉಳಿಯುತ್ತೆ. ಹಲ್ಲಂತೂ ಉಳಿಯುತ್ತೆ."

"ಇಪ್ಪತ್ತು ವರ್ಷ ಯೋಚನೆ ಮಾಡಿ ಬಾಯಿ ತೆರೆದೆ ನಾನು..." ಅಂದರು ಅಕ್ಕ. ಮೇಡಂ ಅವರ ಭುಜದ ಮೇಲೆ ಕೈ ಇಟ್ಟರು. ಹೊರಗೆ ಹೋಗುವಾಗ ಅಕ್ಕ ನಗಲೂ ಇಲ್ಲ, ಆದರೂ ಕೈ ಬಾಯಿ ಮೇಲೇ ಇತ್ತು.

ಏನೋ ಸರಿಯಿಲ್ಲ. ಹಳೆಯ ಚಿತ್ರದಲ್ಲಿ ಹಲ್ಲುಗಳೆಲ್ಲ ಕುದುರೆಯ ಹಲ್ಲಿನ ಹಾಗೆ ಉದ್ದುದ್ದ. ಬೇರು ಮಾತ್ರ ಅಲ್ಲ, ಎಲ್ಲವೂ...

ಮಾರ್ಚ್ 6, ಬುಧವಾರ. ಮಧ್ಯಾಹ್ನ 1.45

ಸಿಕ್ಕಿತು! ಸಿಕ್ಕಿತು! ಅವಸರಕ್ಕೆ ಅಕ್ಷರ ಸೊಟ್ಟ.

ಊಟದ ಬಿಡುವಿನಲ್ಲಿ ಎಲ್ಲರೂ ಹೊರಗೆ. ಕಪಾಟಿನಿಂದ ಬಸ್ಸಕ್ಕನ ಪ್ಲಾಸ್ಟರ್ ಹಲ್ಲು ತೆಗೆದೆ — ಮೊದಲ ದಿನ ಅಚ್ಚು ತೆಗೆದು ಮಾಡಿಟ್ಟ ಬಿಳಿ ದವಡೆ. ಮುಂದಿನ ಹಲ್ಲಿನ ಹೊರಗೆ ಕಾಣುವ ಭಾಗ ಅಳೆದೆ. ಹತ್ತು ಮಿಲಿಮೀಟರ್. ಸ್ಕ್ರೀನಿನಲ್ಲಿ ಸೆಪ್ಟೆಂಬರ್ ಚಿತ್ರ ತೆರೆದೆ. ಅದೇ ಹಲ್ಲು, ಅದೇ ಭಾಗ — ಹನ್ನೆರಡೂವರೆ! ನಿನ್ನೆಯ ಚಿತ್ರದಲ್ಲಿ ಹತ್ತು.

ಹೊರಗೆ ಇರುವ ಹಲ್ಲು ಆರು ತಿಂಗಳಲ್ಲಿ ಕುಗ್ಗುತ್ತದೆಯೇ? ಇಲ್ಲ. ಹಾಗಾದರೆ ಮೊದಲ ಚಿತ್ರವೇ ಉದ್ದ! ಎಕ್ಸ್‌ರೇ ಅಂದರೆ ನೆರಳು ತಾನೇ. ಕಿರಣ ಬಿಡುವ ಟ್ಯೂಬ್ ಓರೆಯಾದರೆ ನೆರಳು ಹಿಗ್ಗುತ್ತದೆ. ಹತ್ತನ್ನು ಹನ್ನೆರಡೂವರೆ ಮಾಡಿದ ನೆರಳು ಹದಿಮೂರನ್ನು ಹದಿನಾರು ಮಾಡಿದೆ. ಲೆಕ್ಕದಲ್ಲಿ ಮೂರು ಸಲ ಫೇಲಾದವಳು ನಾನು. ಈ ಲೆಕ್ಕ ನಾಲ್ಕು ಸಲ ಮಾಡಿದೆ. ನಾಲ್ಕು ಸಲವೂ ಅಷ್ಟೇ.

ಬೇರು ಕರಗಿಲ್ಲ!

ತಡೆಯಲಾಗಲಿಲ್ಲ. ಬಸ್ಸಕ್ಕನಿಗೆ ಫೋನ್ ಮಾಡಿ ಕೂಗಿಬಿಟ್ಟೆ. "ಅಕ್ಕ, ನಿಮ್ಮ ಬೇರು ಏನೂ ಆಗಿಲ್ಲ! ಒಂದಿಷ್ಟೂ ಕರಗಿಲ್ಲ!" ಅವರು ಆ ಕಡೆಯಿಂದ ಕಿರುಚಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಅದೇ ದಿನ, ಸಂಜೆ 6

ಸೆಪ್ಟೆಂಬರ್ ಚಿತ್ರ ತೆಗೆದವರು ಯಾರು ಅಂತ ಈಗ ಯೋಚನೆ ಬಂತು. ನಾನೇ. ಆಗ ಕೆಲಸ ಕಲಿತು ಎರಡೇ ತಿಂಗಳು. ಅಕ್ಕನಿಗೆ ಎರಡು ಸಲ ಓಕರಿಕೆ ಬಂತು, ಕಣ್ಣಲ್ಲಿ ನೀರು. ಪಾಪ ಅನ್ನಿಸಿ ಹೋಲ್ಡರ್ ತೆಗೆದಿಟ್ಟು, "ಪ್ಲೇಟನ್ನ ಬೆರಳಲ್ಲಿ ಒತ್ತಿ ಹಿಡೀರಿ" ಅಂದು, ಟ್ಯೂಬನ್ನು ಕಣ್ಣಳತೆಯಲ್ಲಿ ತಿರುಗಿಸಿ ಗುಂಡಿ ಒತ್ತಿದ್ದೆ. ಹೋಲ್ಡರ್ ಇದ್ದರೆ ಟ್ಯೂಬ್ ನೇರ ಕೂರುತ್ತದೆ. ಇಲ್ಲದಿದ್ದರೆ ದೇವರೇ ಗತಿ. ಫಾರಂನಲ್ಲಿ ಒಂದು ಸಾಲಿದೆ: ಹೋಲ್ಡರ್ ಬಳಸಲಾಗಿದೆಯೇ? ತೆಗೆದು ನೋಡಿದೆ. ಖಾಲಿ. ಸುಳ್ಳು ಬರೆದಿಲ್ಲ. ನಿಜವನ್ನೂ ಬರೆದಿಲ್ಲ. ನಾನು!

ನಾಳೆ ಮೇಡಂಗೆ ಹೇಳಬೇಕು. ಹೇಳಿದರೆ ಎಕ್ಸ್‌ರೇ ರೂಮು ಹೋಗುತ್ತದೆ. ಹೇಳದಿದ್ದರೆ ಅಕ್ಕನ ತಂತಿ ಹೋಗುತ್ತದೆ. ಇದರಲ್ಲಿ ಯೋಚಿಸುವುದಕ್ಕೆ ಏನೂ ಇಲ್ಲ.

ಮಾರ್ಚ್ 7, ಗುರುವಾರ

ಹೇಳಿದೆ. ಬೆಳಿಗ್ಗೆ ಮೇಡಂ ಕೋಟು ಹಾಕಿಕೊಳ್ಳುವ ಮುಂಚೆಯೇ. ಪ್ಲಾಸ್ಟರ್ ದವಡೆ, ಸ್ಕೇಲು, ಖಾಲಿ ಸಾಲಿನ ಫಾರಂ — ಮೂರನ್ನೂ ಮೇಜಿನ ಮೇಲಿಟ್ಟೆ.

ಮೇಡಂ ತಾವೇ ಅಳೆದರು. ಮತ್ತೊಮ್ಮೆ ಅಳೆದರು. "ಹ್ಞೂಂ" ಕೂಡ ಇಲ್ಲ.

"ಹೋಲ್ಡರ್ ಯಾಕೆ ತೆಗೆದೆ?"

"ಅವರಿಗೆ ಕಷ್ಟ ಆಗ್ತಿತ್ತು ಮೇಡಂ. ನನಗೂ ಅವಸರ ಇತ್ತು. ಹೊರಗೆ ನಾಲ್ಕು ಜನ ಕಾಯ್ತಿದ್ರು."

"ನಾನೂ ಬೇರು ಮಾತ್ರ ನೋಡಿದೆ. ಹೊರಗೆ ಕಾಣೋ ಭಾಗ ನೋಡಲಿಲ್ಲ. ಅದು ನನ್ನ ತಪ್ಪು." ಕನ್ನಡಕ ತೆಗೆದು ಒರೆಸಿದರು. "ಆದರೆ ಪಕ್ಕದ ಹಲ್ಲು ಮೊನ್ನೆಯ ಚಿತ್ರದಲ್ಲಿ ಅರ್ಧ ಕತ್ತರಿಸಿಹೋಗಿದೆ, ಕಾಣ್ತಿಲ್ಲ. ನಿನ್ನ ಲೆಕ್ಕ ನಂಬಿ ಎಳೆಯೋಕಾಗಲ್ಲ. ನನ್ನ ಕಣ್ಣು ನಂಬಿ ಬಿಚ್ಚೋಕೂ ಆಗಲ್ಲ. ಮಂಗಳವಾರ ಅದೊಂದನ್ನ ತೆಗೆದು ನೋಡೋಣ. ಅಕ್ಕನಿಗೆ ಅಲ್ಲಿವರೆಗೆ ಏನೂ ಹೇಳಬೇಡ."

"ಹೇಳಿಬಿಟ್ಟೆ ಮೇಡಂ."

"ಏನಂತ?"

"ಏನೂ ಕರಗಿಲ್ಲ ಅಂತ."

ಮೇಡಂ ನನ್ನ ಕಡೆ ನೋಡಿದ ನೋಟ ಬರೆಯಲಾರೆ. ಇವತ್ತಿನಿಂದ ಎಕ್ಸ್‌ರೇ ರೂಮಿಗೆ ಕಾಲಿಡುವ ಹಾಗಿಲ್ಲ. ಇಕ್ಕಳ, ಟ್ರೇ ತೊಳೆಯುವುದು. ಅಮ್ಮನಿಗೂ ಹೇಳಿದೆ. "ಹೋಯ್ತಾ ಇದೂ?" ಅಂದರು. ಹೋಗಿಲ್ಲ ಅಮ್ಮ, ಅರ್ಧ ಹೋಗಿದೆ.

ಮಾರ್ಚ್ 12, ಮಂಗಳವಾರ. ಸಂಜೆ

ಮೇಡಂ ತಾವೇ ತೆಗೆದರು. ನಾನು ಬಾಗಿಲ ಹೊರಗೆ. ಆಮೇಲೆ ಕರೆದರು. "ಬಾ, ನೋಡು."

ಮುಂದಿನ ಎರಡು ಹಲ್ಲು ಸರಿಯಾಗಿಯೇ ಇವೆ. ನನ್ನ ಲೆಕ್ಕ ಸರಿ. ಆದರೆ ಪಕ್ಕದ ಸಣ್ಣ ಹಲ್ಲು... ಸೆಪ್ಟೆಂಬರ್ ಚಿತ್ರದ ಹಿಗ್ಗು ಕಳೆದರೆ ಬೇರು ಹದಿಮೂರರ ಹತ್ತಿರ ಇರಬೇಕಿತ್ತು. ಹನ್ನೊಂದು. ತುದಿ ಚೂಪಾಗಿಲ್ಲ, ಅರ ಹಾಕಿ ಉಜ್ಜಿದ ಹಾಗೆ ಮೊಂಡ. ಅದು ನಿಜವಾಗಿಯೂ ಕರಗಿದೆ.

"ನೀನು ಬಾಯಿ ಬಿಡದೇ ಇದ್ದಿದ್ರೆ ಇದನ್ನ ನೋಡ್ತಾನೇ ಇರಲಿಲ್ಲ, ಎಲ್ಲ ಬಿಚ್ಚಿಬಿಡ್ತಿದ್ದೆ" ಅಂದರು. "ಮೂರು ತಿಂಗಳು ಎಳೆತ ಪೂರ್ತಿ ನಿಲ್ಲಿಸೋಣ. ತಂತಿ ಸುಮ್ಮನೆ ಇರಲಿ. ಜೂನ್‌ನಲ್ಲಿ ಮತ್ತೆ ಅಳೆಯೋಣ. ಕರಗೋದು ನಿಂತಿದ್ರೆ ಮೆತ್ತಗೆ ಮುಂದುವರಿಸಬಹುದು. ನಿಂತಿಲ್ಲ ಅಂದ್ರೆ ಬಿಚ್ಚೋದೇ. ಹೋಗು, ಅಕ್ಕನಿಗೆ ನೀನೇ ಹೇಳು."

ಹೇಳಿದೆ. ಹೋಲ್ಡರಿನಿಂದ ಹಿಡಿದು ಎಲ್ಲ.

"ಫೋನಲ್ಲಿ ಏನಂದೆ ನೀನು? ಡಿಪೋದಲ್ಲಿ ಎಲ್ಲರಿಗೂ ಸಿಹಿ ಹಂಚಿದೀನಿ ಕಣೇ!"

"ತಪ್ಪಾಯ್ತು ಅಕ್ಕ. ಎರಡು ಹಲ್ಲು ನೋಡಿ ಇಡೀ ಬಾಯಿಗೆ ಹೇಳಿಬಿಟ್ಟೆ."

"ಮಾತಾಡಿಸಬೇಡ ನನ್ನ ಈಗ." ಬ್ಯಾಗು ಹೆಗಲಿಗೇರಿಸಿದರು. ಬಾಗಿಲವರೆಗೆ ಹೋಗಿ ತಿರುಗಿದರು. "ಸುಳ್ಳಿ ಅಲ್ಲ ನೀನು. ಬಾಯಿಬಡುಕಿ."

ಸರಿಯಾಗಿಯೇ ಹೇಳಿದರು.

ಏಪ್ರಿಲ್ 20, ಶನಿವಾರ

ಟ್ರೇ. ಇಕ್ಕಳ. ಟ್ರೇ. ಕಾಯುವ ಕೆಲಸ ನನಗೆ ಬರುವುದಿಲ್ಲ. ಕಾಲು ತುರಿಸುತ್ತದೆ. ಆದರೂ ಬಿಟ್ಟು ಹೋಗಬೇಕು ಅನ್ನಿಸುತ್ತಿಲ್ಲ. ಇದು ಹೊಸದು. ಮೇಡಂ ಸಂಜೆ ಹಳೆಯ ಎಕ್ಸ್‌ರೇಗಳನ್ನು ತೋರಿಸಿ ಯಾವುದು ಓರೆ, ಯಾವುದು ನೇರ ಅಂತ ಕೇಳುತ್ತಾರೆ. ಇವತ್ತು ಇಪ್ಪತ್ತರಲ್ಲಿ ಹದಿನೆಂಟು ಸರಿ!

ಜೂನ್ 12, ಬುಧವಾರ. ಮಧ್ಯಾಹ್ನ 2.10, ಬಸ್ ನಿಲ್ದಾಣ

ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಕೂತು ಅನ್ನುವುದೂ ಸುಳ್ಳು, ಹತ್ತು ಸಲ ಎದ್ದಿದ್ದೇನೆ.

ಬೆಳಿಗ್ಗೆ ಬಸ್ಸಕ್ಕ ಡ್ಯೂಟಿಗೆ ಮುಂಚೆ ಬಂದರು. ಮೇಡಂ ಹೋಲ್ಡರ್ ತೆಗೆದು ನನ್ನ ಕೈಗೆ ಕೊಟ್ಟರು. ಮೂರು ತಿಂಗಳಾದ ಮೇಲೆ! ಅಕ್ಕ ನನ್ನ ಮುಖ ನೋಡದೆ ಬಾಯಿ ತೆರೆದರು. ಟ್ಯೂಬ್ ನೇರ ಕೂರಿಸಿದೆ. ಫಾರಂನ ಎಲ್ಲ ಸಾಲು ತುಂಬಿದೆ. ಮೇಡಂ ಇನ್ನೊಬ್ಬ ರೋಗಿಯ ಮೇಲೆ ಬಗ್ಗಿದ್ದರು, ಅಕ್ಕನಿಗೆ ಬಸ್ಸಿನ ಹೊತ್ತಾಯಿತು. ಚಿತ್ರ ನೋಡದೆಯೇ ಹೊರಟುಹೋದರು.

ನಾನು ಅಳೆದೆ. ಫೋನ್ ಜೇಬಿನಲ್ಲಿತ್ತು. ಮುಟ್ಟಲಿಲ್ಲ. ಎರಡು ಗಂಟೆ ಕಾದೆ. ನಾನು, ಎರಡು ಗಂಟೆ!

ಮೇಡಂ ಬಂದು ಅಳೆದರು. ಮತ್ತೆ ಅಳೆದರು. ಪಕ್ಕದ ಹಲ್ಲನ್ನೂ, ಅದರ ಪಕ್ಕದ್ದನ್ನೂ ಅಳೆದರು. ಮಾರ್ಚ್‌ನಲ್ಲಿ ಹನ್ನೊಂದು. ಈಗಲೂ ಹನ್ನೊಂದು. ಉಳಿದವೆಲ್ಲ ಹಾಗೇ ಇವೆ. ನಿಂತಿದೆ!

"ಮುಂದಿನ ವಾರದಿಂದ ಮೆತ್ತಗೆ ಎಳೆಯೋಣ. ಮೂರು ತಿಂಗಳಿಗೊಮ್ಮೆ ನೋಡ್ತಾ ಇರಬೇಕು ಅನ್ನೋದನ್ನೂ ಸೇರಿಸಿ ಹೇಳು. ಅರ್ಧ ಹೇಳಬೇಡ."

"ಫೋನ್ ಮಾಡ್ಲಾ ಮೇಡಂ?"

"ಓಡಿಸೋ ಹೊತ್ತಲ್ಲಿ ಫೋನಾ? ಕೊನೇ ಸ್ಟಾಪಿನಲ್ಲಿ ಹತ್ತು ನಿಮಿಷ ನಿಲ್ತಾರಲ್ಲ, ಹೋಗು."

ಇಡೀ ದಾರಿ ಓಡಿ ಬಂದೆ. ಮೂರು ಮಾತು, ಕ್ರಮವಾಗಿ ಹೇಳಬೇಕು. ಒಂದು, ಕರಗುವುದು ನಿಂತಿದೆ. ಎರಡು, ಹೋದ ಎರಡು ಮಿಲಿಮೀಟರ್ ವಾಪಸ್ ಬರುವುದಿಲ್ಲ. ಮೂರು, ಮುಂದೆ ಮತ್ತೆ ಶುರುವಾಗಲೂಬಹುದು, ಅದಕ್ಕೇ ನೋಡುತ್ತಿರಬೇಕು. ಎರಡನೆಯದನ್ನು ನುಂಗಬಾರದು. ಮೂರನೆಯದನ್ನೂ.

ಬಸ್ ಬಂತು. ಅಕ್ಕ ಕಿಟಕಿಯಿಂದ ನನ್ನನ್ನು ನೋಡಿಬಿಟ್ಟರು. ನನ್ನ ಮುಖದಲ್ಲಿ ಏನು ಕಂಡಿತೋ, ಬಸ್ ಇನ್ನೂ ಪೂರ್ತಿ ನಿಂತಿಲ್ಲ, ಎರಡೂ ಕೈ ಸ್ಟೇರಿಂಗ್ ಮೇಲೇ ಇವೆ, ಅಷ್ಟು ದೊಡ್ಡದಾಗಿ ಬಾಯಿ ತೆರೆದು ನಗು... ಅಕ್ಕ ತಡೀರಿ, ಇನ್ನೂ ಎರಡು ಮಾತು ಇದೆ —