ತಂತಿ ಕಟ್ಟದ ನಟ್ಟಿಗೆ ಸಹಿ ಹಾಕಿದವನು ನಾನು

ವಿಮಾನ ಅಪಘಾತದ ವಿಚಾರಣೆ ನಡೆಸಿದ ಮಾನ್ಯ ಅಧಿಕಾರಿಗಳೇ,

ಕಳೆದ ಆಗಸ್ಟಿನಲ್ಲಿ ಪಾಂಡವಪುರದ ಬಳಿ ಕಬ್ಬಿಗೆ ಔಷಧಿ ಸಿಂಪಡಿಸುತ್ತಿದ್ದ ವಿಮಾನ ಬಿದ್ದು ಅದರ ಚಾಲಕ ವೆಂಕಟೇಶ ಸತ್ತದ್ದಕ್ಕೆ ಆತನ ಅಜಾಗರೂಕತೆಯೇ ಕಾರಣವೆಂದು ತಾವು ವರದಿ ಕೊಟ್ಟಿದ್ದೀರಿ. ಇದು ಸುಳ್ಳು. ಕಾರಣ ಎಂಜಿನ್ನಿನ ದುರಸ್ತಿಯಲ್ಲಾದ ಲೋಪ, ಆ ಲೋಪ ಮಾಡಿದ ಕೈ ನನ್ನದು. ತಮ್ಮೆದುರು ನಿಂತು ಪ್ರಮಾಣ ಮಾಡಿ ಇದನ್ನೇ ಹೇಳಿದ್ದೆ. ಮೂವತ್ತೆಂಟು ಪುಟಗಳ ವರದಿಯಲ್ಲಿ ನನ್ನ ಹೇಳಿಕೆಯ ಒಂದು ಸಾಲೂ ಇಲ್ಲ. ತಪ್ಪು ಮಾಡಿದವನೇ ಬಂದು ನನ್ನ ತಪ್ಪನ್ನು ಬರೆದುಕೊಳ್ಳಿ ಎಂದು ಅಂಗಲಾಚಬೇಕಾದ ಕಚೇರಿ ತಮ್ಮದೊಂದೇ ಇರಬೇಕು!

ನಾನು ಶ್ರೀರಂಗಪಟ್ಟಣದ ಪಕ್ಕದ ಬಾಬುರಾಯನಕೊಪ್ಪಲಿನ ಕಮ್ಮಾರರ ಮನೆಯವನು. ಹನ್ನೊಂದು ವರ್ಷ ವಾಯುಪಡೆಯಲ್ಲಿ ಎಂಜಿನ್ ಫಿಟ್ಟರಾಗಿದ್ದು, ಆಮೇಲೆ ಈ ಸಿಂಪಡಣೆ ಕಂಪನಿ ಸೇರಿದೆ. ವೆಂಕಟೇಶ ಕೆ.ಆರ್. ಪೇಟೆ ಕಡೆಯ ಹೊಸಹೊಳಲಿನವನು. ಹಾರುವ ಮುನ್ನ ವಿಮಾನವನ್ನು ಒಂದು ಸುತ್ತು ಬಂದು, ಎಲ್ಲವನ್ನೂ ಮುಟ್ಟಿ ನೋಡಿ, "ಚಲುವಣ್ಣ, ನೀನು ಸರಿಯೈತೆ ಅಂದ್ರೆ ಸರಿ" ಎಂದು ಹತ್ತುತ್ತಿದ್ದ. ಅಂಥವನನ್ನು ತಾವು ಅಜಾಗರೂಕ ಎಂದಿದ್ದೀರಿ.

ಆಗಸ್ಟ್ ಹದಿಮೂರರ ಮಧ್ಯಾಹ್ನ ನಾನು ಎಂಜಿನ್ನಿನ ಎಣ್ಣೆ ಶೋಧಕವನ್ನು ಬಿಚ್ಚಿ ತೊಳೆದು, ಪೈಪಿನ ನಟ್ಟನ್ನು ಬಿಗಿದೆ. ಎಂಜಿನ್ನಿನ ಅದುರಾಟಕ್ಕೆ ಎಂಥ ನಟ್ಟೂ ಸಡಿಲವಾಗುತ್ತದೆ, ಎಣ್ಣೆ ಸೋರಿಹೋಗಿ ಎಂಜಿನ್ ನಿಂತುಬಿಡುತ್ತದೆ. ಹಾಗಾಗದಿರಲೆಂದು ಅದರ ಅಂಚಿನ ತೂತಿಗೆ ಸಣ್ಣ ತಂತಿ ಪೋಣಿಸಿ ಹುರಿಮಾಡಿ ಪಕ್ಕದ ಬೋಲ್ಟಿಗೆ ಕಟ್ಟಬೇಕು. ಐದು ನಿಮಿಷದ ಕೆಲಸ. ಆದರೆ ನಮ್ಮ ಶೆಡ್ಡಿನಲ್ಲಿ ತಂತಿ ಮುಗಿದು ಮೂರು ವಾರವಾಗಿತ್ತು. ತರಿಸಿಕೊಡಿರೆಂದು ನಾಲ್ಕು ಸಲ ಬರೆದುಕೊಟ್ಟಿದ್ದೆ.

ಮರುದಿನ ದೊಡ್ಡ ಅಧಿಕಾರಿಗಳು ಸಿಂಪಡಣೆ ನೋಡಲು ಬರುವವರಿದ್ದರು. ತಂತಿ ಬರುವವರೆಗೆ ಹಾರಿಸಬಾರದೆಂದು ನಾನು ಮೇಲ್ವಿಚಾರಕರಿಗೆ ಹೇಳಿದೆ. ಅವರು ನಕ್ಕರು.

"ಕೈಯಲ್ಲಿ ಬಿಗಿಯಾಗಿ ತಿರುಗ್ಸಿದ್ದೀಯಲ್ಲ, ಸಾಕು ಬುಡು. ನಾಳೆ ಒಂದಿನ ಆರ್ಲಿ, ನಾಡಿದ್ದು ತಂತಿ ಕಟ್ಟುವಂತೆ. ಅವ್ರೆಲ್ಲ ಬಂದು ನಿಂತ್ಕಂಡಾಗ ಇಮಾನ ಇಲ್ಲ ಅಂದ್ರೆ ನಿನ್ ಮುಖ ತೋರ್ಸೀಯಾ?"

ವಿಮಾನ ಹಾರಲು ಯೋಗ್ಯವಾಗಿದೆ ಎಂದು ದುರಸ್ತಿ ಪುಸ್ತಕದಲ್ಲಿ ನಾನು ಸಹಿ ಹಾಕಿದೆ. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ. ವೆಂಕಟೇಶ ಮರುದಿನ ಎಂದಿನಂತೆ ಸುತ್ತು ಬಂದು ನನ್ನ ಮುಖ ನೋಡಿದ. ಸರಿಯಿದೆ ಎಂದೆ.

ಮೂರನೆಯ ಸುತ್ತಿನಲ್ಲಿ ಎಂಜಿನ್ನಿನ ಸದ್ದು ಕೆಟ್ಟಿತು, ಆಮೇಲೆ ಸದ್ದೇ ನಿಂತಿತು. ವಿಮಾನ ತೆಂಗಿನ ಮರದೆತ್ತರದಲ್ಲಿತ್ತು. ನೇರ ಮುಂದೆ ಬಯಲುಗದ್ದೆ, ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೆಂಗಸರು ನಾಟಿ ಹಾಕುತ್ತಿದ್ದರು. ವೆಂಕಟೇಶ ಎಡಕ್ಕೆ ತಿರುಗಿಸಿದ. ರೆಕ್ಕೆ ನಾಲೆಯ ಏರಿಗೆ ಬಡಿಯಿತು. ನಾವು ಓಡಿಹೋಗಿ ಹೊರಗೆಳೆಯುವಷ್ಟರಲ್ಲಿ ಅವನ ಉಸಿರು ನಿಂತಿತ್ತು. ಮುಖ, ಕನ್ನಡಕ, ಅಂಗಿ ಎಲ್ಲಾ ಕಪ್ಪು ಎಣ್ಣೆ.

ತಮ್ಮ ವರದಿ ಹೇಳುತ್ತದೆ: "ಚಾಲಕನು ಅನಗತ್ಯವಾಗಿ ಎಡಕ್ಕೆ ತಿರುಗಿಸಿದ್ದೇ ಅಪಘಾತಕ್ಕೆ ಕಾರಣ." ಅನಗತ್ಯವೇ? ನಾಟಿ ಹಾಕುತ್ತಿದ್ದ ಬೀರಮ್ಮ ತಮ್ಮ ಮುಂದೆ ಬಂದು ಹೇಳಿದ್ದನ್ನು ನಾನೇ ಕೇಳಿದೆ: "ಮೊದ್ಲು ಎಣ್ಣೆ ಉದುರ್ತು ಸ್ವಾಮಿ, ನನ್ ಸೆರಗ ಮೇಲೇ ಬಿತ್ತು. ಆಮ್ಯಾಕೆ ಸದ್ದು ನಿಂತೋಯ್ತು. ನಮ್ಮನ್ನ ಕಂಡು ಆವಪ್ಪ ಅತ್ಲಾಗೆ ತಿರುಗುಸ್ಕಂಡ. ಇಲ್ದಿದ್ರೆ ನಾನೆಲ್ಲಿ ಇರ್ತಿದ್ದೆ?" ಆಕೆ ತಂದಿದ್ದ ಎಣ್ಣೆ ಕಲೆಯ ಸೀರೆಯನ್ನು ತಾವು ಬಿಚ್ಚಿಯೂ ನೋಡಲಿಲ್ಲ. "ಓದುಬರಹ ಬಾರದ ಕೂಲಿ ಹೆಂಗಸಿನ ಹೇಳಿಕೆ ತಾಂತ್ರಿಕ ವಿಷಯದಲ್ಲಿ ನಂಬಲರ್ಹವಲ್ಲ" ಎಂದು ಬರೆದಿರಿ. ಮೈಮೇಲೆ ಬಿದ್ದದ್ದು ಎಣ್ಣೆಯೋ ನೀರೋ ತಿಳಿಯಲು ಯಾವ ಪದವಿ ಬೇಕು, ಮಾನ್ಯರೇ? ಸರಿ, ನನಗೆ ಓದು ಬರಹ ಬರುತ್ತದೆ. ಮುರಿದ ಎಂಜಿನ್ನಿನಿಂದ ಆ ನಟ್ಟನ್ನು ತೆಗೆದು ತಮ್ಮ ಕೈಗೇ ಕೊಟ್ಟೆನಲ್ಲ! ಎರಡು ಸುತ್ತು ಸಡಿಲವಾಗಿತ್ತು, ತಂತಿಯ ತೂತು ಖಾಲಿಯಿತ್ತು. ತಮ್ಮ ಕಚೇರಿ ಕೊಟ್ಟ ರಸೀದಿ ನನ್ನ ಬಳಿ ಇದೆ. ವರದಿಯ ಸಾಕ್ಷ್ಯಗಳ ಪಟ್ಟಿಯಲ್ಲಿ ಮಾತ್ರ ನಟ್ಟು ಇಲ್ಲ. ಅದಕ್ಕೂ ರೆಕ್ಕೆ ಬಂತೋ?

ಸತ್ತವನು ಎದ್ದು ಬಂದು ವಾದಿಸುವುದಿಲ್ಲ. ತಪ್ಪನ್ನು ಅವನ ತಲೆಗೆ ಕಟ್ಟಿದರೆ ಕಂಪನಿಗೂ ಕ್ಷೇಮ, ತಂತಿ ಬೇಕೆಂದು ನಾನು ಬರೆದ ಪತ್ರಗಳ ಮೇಲೆ ಕೂತವರಿಗೂ ಕ್ಷೇಮ, ನನಗೂ ಕ್ಷೇಮ. ನನ್ನನ್ನು ಉಳಿಸಿದ ಕೃಪೆಗೆ ಕೈ ಮುಗಿಯಬೇಕೆಂದು ತಾವು ಬಯಸಿದ್ದರೆ ಕ್ಷಮಿಸಿ.

ಕೆಲಸ ಬಿಟ್ಟ ಮೇಲೆ ನಾನು ಹೊಸಹೊಳಲಿಗೆ ಹೋಗಿ ವೆಂಕಟೇಶನ ಹೆಂಡತಿ ಯಶೋದಮ್ಮನ ಮುಂದೆ ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ, ಬಾಗಿಲು ಹಾಕುತ್ತಾಳೆ ಎಂದುಕೊಂಡಿದ್ದೆ. ಆಕೆ ಕೂರಲು ಚಾಪೆ ಹಾಕಿದಳು.

"ನೀವು ಬಂದು ಏಳುದ್ರಿ, ನಂಗೆ ಗೊತ್ತಾಯ್ತು. ಊರಿನೋರ್ಗೆ ಯಾರು ಏಳ್ತಾರೆ? ಸರ್ಕಾರದ ಕಾಗ್ದದಲ್ಲಿ ಅವ್ರೆಸರೇ ಐತೆ. ನನ್ ಮಗ್ಳು ಇಸ್ಕೂಲಿಂದ ಬಂದು, ಅಪ್ಪಂಗೆ ಇಮಾನ ಓಡ್ಸಕ್ಕೆ ಬತ್ತಿರ್ಲಿಲ್ವಂತಲ್ಲ ಅವ್ವ ಅಂತವ್ಳೆ."

ಅದಕ್ಕೇ ಈ ಪತ್ರವನ್ನು ಪತ್ರಿಕೆಗೆ ಕೊಟ್ಟಿದ್ದೇನೆ.

ಇನ್ನೊಂದು ವಿಷಯವಿದೆ, ಅದರಲ್ಲಿ ತಡಮಾಡುವಂತಿಲ್ಲ. ಆ ಶೆಡ್ಡಿನಲ್ಲಿ ಈಗಲೂ ಕೆಲಸ ಮಾಡುವ ಕೆಂಪಣ್ಣ ಹೋದ ವಾರ ನನ್ನನ್ನು ಕಂಡಿದ್ದ. "ತಂತಿ ಇನ್ನೂ ಬಂದಿಲ್ಲ ಕಣ್ಲಾ. ಬೇಲಿ ತಂತಿ ಬಿಡಿಸ್ಕಂಡು ಕಟ್ತಾವ್ರೆ, ಅದು ಎಲ್ಡೇ ದಿನಕ್ಕೆ ತುಂಡಾಯ್ತದೆ" ಎಂದ. ಕಂಪನಿಯ ಉಳಿದೆರಡು ವಿಮಾನಗಳು ಬರುವ ಸೋಮವಾರದಿಂದ ಶ್ರೀರಂಗಪಟ್ಟಣದ ಬಯಲಿನಲ್ಲಿ ಹಾರಲಿವೆ. ದೋಷವೆಲ್ಲ ಚಾಲಕನದೇ ಎಂದು ತಾವು ತೀರ್ಪು ಕೊಟ್ಟ ಮೇಲೆ ಎಂಜಿನ್ ಬಿಚ್ಚಿ ನೋಡುವವರು ಯಾರು?

ಆದ್ದರಿಂದ ನನ್ನ ಒತ್ತಾಯವಿಷ್ಟೇ. ಆ ವಿಮಾನಗಳನ್ನು ಇಂದೇ ತಡೆಯಿರಿ, ಒಂದೊಂದು ನಟ್ಟನ್ನೂ ಪರೀಕ್ಷಿಸಿದ ಮೇಲೆ ಬಿಡಿ. ವಿಚಾರಣೆಯನ್ನು ಮತ್ತೆ ತೆರೆದು ವೆಂಕಟೇಶನ ಹೆಸರಿನ ಮುಂದಿರುವ ಮಾತನ್ನು ಹೊಡೆದುಹಾಕಿ, ಅಲ್ಲಿ ನನ್ನ ಹೆಸರನ್ನೂ ಮೇಲ್ವಿಚಾರಕರ ಹೆಸರನ್ನೂ ಬರೆಯಿರಿ. ಅದರ ನಕಲನ್ನು ಯಶೋದಮ್ಮನಿಗೆ ಕಳಿಸಿ. ನನಗೆ ಯಾವ ಶಿಕ್ಷೆಯಾದರೂ ಸರಿ, ಅದಕ್ಕೆ ಬೇರೆ ದಿನ ಗೊತ್ತುಮಾಡಿ. ವಿಮಾನದ ಮಾತಿಗೆ ಮಾತ್ರ ಸೋಮವಾರವೇ ಕೊನೆ. ಅಂದು ಬೆಳಿಗ್ಗೆ ಆ ಬಯಲಿನಲ್ಲಿ ನನ್ನ ಹೆಂಡತಿಯೂ ಕಳೆ ಕೀಳುತ್ತಿರುತ್ತಾಳೆ.

ಇಂತಿ,
ಜೈಲಿನ ದಾರಿಯನ್ನು ತಾನೇ ವಿಚಾರಿಸಿಕೊಂಡು ಅಲೆಯುತ್ತಿರುವ
ಚಲುವರಾಜು, ಮಾಜಿ ಎಂಜಿನ್ ಫಿಟ್ಟರು
ಬಾಬುರಾಯನಕೊಪ್ಪಲು, ೧೯೬೯